ಮಕ್ಕಳೇ ಕೆಡಿಸಿ ಕಟ್ಟಿದ ಕಾಫಿ ಆಟ

"ಆಟ ಮಾಡೋ ಕೆಲಸ ಮಕ್ಕಳ ಕೈಗೆ ಕೊಟ್ಟರೆ ಕೊನೆಗೆ ಹಾವು ಏಣಿ ಆಗುತ್ತೆ ಅಷ್ಟೆ" ಎಂದು ನಕ್ಕವರೇ ಈಗ ನಮಗೂ ಒಂದು ಸೆಟ್ ಕೊಡಿ ಅಂತ ಫೋನ್ ಮಾಡುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಲಾಭ ನಷ್ಟ, ಶೇಕಡಾ ಕಲಿಸೋಕೆ ಕಾಫಿ ತೋಟದ ಒಂದು ವರ್ಷವನ್ನೇ ಬೋರ್ಡ್ ಆಟ ಮಾಡೋಣ ಅಂತಿತ್ತು. ಮೊದಲ ಸಲ ಒಬ್ಬನೇ ಕೂತು ಮಾಡಿದೆ. ಮೈಸೂರಲ್ಲಿ 20 ಸೆಟ್ ಪ್ರಿಂಟ್ ಹಾಕಿಸಿದ್ದಕ್ಕೆ 4,000, ಅಲ್ಲ, 5,000ದ ಹತ್ತಿರ ಹೋಯಿತು. ವಿರಾಜಪೇಟೆ ಕಡೆಯ ಏಳನೇ ಕ್ಲಾಸಿನ ಮಕ್ಕಳ ಮುಂದೆ ಇಟ್ಟೆ. ಹತ್ತು ನಿಮಿಷ ಆಗಿರಲಿಲ್ಲ, ಒಬ್ಬ ಹುಡುಗ ಕಾರ್ಡ್ ಎತ್ತಿ ಹಿಡಿದ. "ಸರ್, ರೋಬಸ್ಟಾ ತೋಟ ಅಂತೀರ, ಕಾಂಡಕೊರಕ ಬಂತು ಅಂತೀರ. ಅದು ಅರೇಬಿಕಾಗೆ ಅಲ್ವಾ?" ಎರಡೂ ಬೇರೆ ಬೇರೆ ಜಾತಿಯ ಕಾಫಿ, ಗಿಡದ ಕಾಂಡ ಕೊರೆಯುವ ಆ ಹುಳ ಹೆಚ್ಚಾಗಿ ಕಾಡೋದು ಅರೇಬಿಕಾವನ್ನೇ. ಇಪ್ಪತ್ತು ಸೆಟ್ಟಿನಲ್ಲೂ ಅದೇ ತಪ್ಪು. ಈಗಲೂ ಅಟ್ಟದ ಮೇಲಿವೆ.

ಎರಡನೇ ಸಲ ಖಾಲಿ ರಟ್ಟು, ಸ್ಕೆಚ್ ಪೆನ್ನು, ಕತ್ತರಿ ಕೊಟ್ಟು ಸುಮ್ಮನೆ ಕೂತೆ. ಖರ್ಚು 300 ರೂಪಾಯಿ ಇರಬಹುದು. 14 ಮಕ್ಕಳು, ಶನಿವಾರ ಮಧ್ಯಾಹ್ನ, ಹೆಚ್ಚುಕಡಿಮೆ ಮೂರು ತಿಂಗಳು. ನನ್ನದು ಒಂದೇ ಮಳೆ ಕಾರ್ಡ್ ಇತ್ತು. ಅವರು ಅದನ್ನು ಹರಿದು ಮೂರು ಮಾಡಿದರು: ಹೂವು ಅರಳಿಸುವ ಹೂಮಳೆ, ಆಮೇಲೆ ಕಾಯಿ ಕಚ್ಚಲು ಬೇಕಾದ ಬ್ಯಾಕಿಂಗ್ ಮಳೆ, ಇನ್ನೊಂದು ಕಣದಲ್ಲಿ ಕಾಫಿ ಒಣಗುವಾಗ ಬರುವ ಹಾಳು ಮಳೆ. ಹೂಮಳೆ ಬಿದ್ದು ಮೂರು ಸುತ್ತಿನೊಳಗೆ ಬ್ಯಾಕಿಂಗ್ ಬರದಿದ್ದರೆ ಅರ್ಧ ಫಸಲು ಹೋಯಿತು ಅಂತಲೇ ಲೆಕ್ಕ.

ತೋಟದ ಕೂಲಿಯವರು ಇರುವ ಲೈನ್ ಮನೆಯ ಹುಡುಗಿಯೊಬ್ಬಳು ಎರಡು ವಾರ ಬಾಯಿ ಬಿಡಲಿಲ್ಲ. ಮೂರನೇ ವಾರ ಕೇಳಿದಳು, "ಕಾಫಿ ಕುಯ್ಯೋದು ಯಾರು ಸರ್?" ನಿಜ, ನನ್ನ ಆಟದಲ್ಲಿ ಹಣ್ಣು ಗಿಡದಿಂದ ತಾನೇ ಚೀಲಕ್ಕೆ ಇಳಿಯುತ್ತಿತ್ತು! ಸಂಜೆ ಅವಳಮ್ಮ ಚೀಲ ತೂಗಿಸೋದನ್ನು ನೋಡಿ ಗೊತ್ತಿದ್ದವಳು, ಕೆಜಿಗೆ ಇಷ್ಟು ಕೂಲಿ ಅಂತ ಕಾರ್ಡ್ ಬರೆದಳು. ಎಲ್ಲರ ಲಾಭವೂ ಸರ್ರನೆ ಇಳಿಯಿತು. ಎಷ್ಟು ಇಳಿಯಿತು ಅಂತ ಜಗಳ ಶುರುವಾಗಿ, ನಾನು ಹೇಳದೆಯೇ ನೋಟ್‌ಬುಕ್ ತೆಗೆದು ಶೇಕಡಾ ಹಾಕಿದರು. ನಾನು ಕಾಯುತ್ತಿದ್ದದ್ದು ಅದಕ್ಕೇ.

ಆಡಿದ ಮೇಲೆ ಹೇಗಿತ್ತು ಅಂತ ಕೇಳಬೇಡಿ, ಎಲ್ಲರೂ "ಚೆನ್ನಾಗಿತ್ತು ಸರ್" ಅಂತಾರೆ. ಎಲ್ಲಿ ಮೋಸ ಮಾಡುತ್ತಾರೆ ನೋಡಿ. ನಮ್ಮವರು ಆಟದ ಬ್ಯಾಂಕಿನ ಡಬ್ಬಿಯಿಂದ ಕದಿಯುತ್ತಿದ್ದರು. ಯಾಕಂದರೆ ಸಾಲದ ಬಡ್ಡಿ ಲೆಕ್ಕಕ್ಕೆ ತುಂಬಾ ಹೊತ್ತು ಹಿಡಿಯುತ್ತಿತ್ತು, ಕಾದು ಕಾದು ಬೇಜಾರು. ಬಡ್ಡಿಯನ್ನು ದಾಳದಲ್ಲೇ ತರುವ ಉಪಾಯ ಆಮೇಲೆ ಹೊಳೆಯಿತು. ಅದನ್ನು ಮಾತ್ರ ಇಲ್ಲಿ ಹೇಳಲ್ಲ.

ನಡುವೆ ಮಕ್ಕಳಿಗೆ ಕೋಡಿಂಗ್ ಕಲಿಸುವ ಸ್ಕ್ರ್ಯಾಚ್‌ನಲ್ಲಿ ಕಂಪ್ಯೂಟರ್ ಆಟ ಮಾಡಿಸಲು ಹೋದೆ, ಅದೂ ಜುಲೈ ಮಳೆಯಲ್ಲಿ! ಒಂದು ಆನೆ ನಡೆಯುವಷ್ಟಾಯಿತು, ಕರೆಂಟ್ ಹೋದದ್ದು ನಾಲ್ಕು ದಿನ ಬರಲಿಲ್ಲ. ಆನೆಯನ್ನು ರಟ್ಟಿಗೆ ಇಳಿಸಿದೆವು. ಅದು ಬಂದರೆ ಎರಡು ಸುತ್ತು ಕೊಯ್ಲಿಲ್ಲ. ಕಾಯಿನ್ ಬದಲು ಕಾಫಿ ಬೀಜ ಇಟ್ಟಿದ್ದೆ, ಅದೇ ಮಳೆಯಲ್ಲಿ ಬೂಸ್ಟು ಹಿಡಿಯಿತು. ಈಗ ಶರ್ಟಿನ ಗುಂಡಿ.

ಈಗ ಸೆಟ್ಟಿಗೆ 90 ರೂಪಾಯಿಯೊಳಗೆ ಆಗುತ್ತದೆ. ಶೇಕಡಾ ಅಂದರೆ ಓಡುತ್ತಿದ್ದವರಲ್ಲಿ ಒಂಬತ್ತು ಹತ್ತು ಮಂದಿ ತಾವೇ ಲೆಕ್ಕ ಹಾಕುತ್ತಾರೆ. ಸದ್ಯ ಆಟ ನಿಂತಿದೆ. ತೋಟದಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಮರಕ್ಕೆ ಹಬ್ಬಿಸಿದ ಮೆಣಸನ್ನೂ ಸೇರಿಸಬೇಕು ಅಂತ ಆ ಹುಡುಗಿ ಪಟ್ಟು ಹಿಡಿದಿದ್ದಾಳೆ, ಬೋರ್ಡಿನಲ್ಲಿ ಜಾಗ ಇಲ್ಲ.