ಕ್ಲಾಸಿಗೆ ಹೋಗುವ ಮುನ್ನ ಸ್ಲೈಡ್ಸನ್ನು ಪಿಡಿಎಫ್ ಮಾಡಿಟ್ಟುಕೊಳ್ಳಿ

ಚಿಕ್ಕಬಳ್ಳಾಪುರ ಕಡೆಯ ಶಿಕ್ಷಕ ಮಿತ್ರರೇ, ಗೂಗಲ್ ಸ್ಲೈಡ್ಸ್‌ನಲ್ಲಿ ಪಾಠ ಮಾಡಿಕೊಂಡಿದ್ದರೆ ಹಿಂದಿನ ರಾತ್ರಿಯೇ ಮನೆಯಲ್ಲಿ ಫೈಲ್ ಮೆನು, ಡೌನ್‌ಲೋಡ್, ಪಿಡಿಎಫ್ ಅಂತ ಒತ್ತಿ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಶಾಲೆಯಲ್ಲಿ ನೆಟ್ ಇಲ್ಲದಿದ್ದರೂ ಪಾಠ ನಿಲ್ಲುವುದಿಲ್ಲ. ಪಿಪಿಟಿ ಯಾಕೆ ಬೇಡ ಅಂದ್ರೆ, ನೀವು ಬಳಸಿದ ಕನ್ನಡ ಫಾಂಟ್ ಶಾಲೆಯ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಅದು ಬೇರೆ ಯಾವುದೋ ಫಾಂಟ್ ಹಾಕಿಕೊಳ್ಳುತ್ತದೆ, ಸಾಲುಗಳು ಜಾರುತ್ತವೆ, ಹಳೇ ಸಿಸ್ಟಮ್ ಆದರೆ ನಂದಿ ಬೆಟ್ಟದ ನದಿಗಳ ಪಾಠದಲ್ಲಿ 'ಅರ್ಕಾವತಿ'ಯ ಅರ್ಕಾವತ್ತೇ ಕಳಚಿಕೊಂಡು ನಿಲ್ಲಬಹುದು (ಮಕ್ಕಳು ನಗುವುದಕ್ಕೆ ಅಷ್ಟೇ ಸಾಕು!). ಪಿಡಿಎಫ್‌ನಲ್ಲಿ ಫಾಂಟ್ ಫೈಲಿನ ಒಳಗೇ ಸೇರಿರುತ್ತದೆ, ಹಾಗಾಗಿ ಮನೆಯಲ್ಲಿ ಕಂಡಂತೆಯೇ ಅಲ್ಲೂ ಕಾಣುತ್ತದೆ. ಕ್ರೋಮ್‌ನಲ್ಲಿ ತೆರೆದು ಮೇಲಿನ ಮೂರು ಚುಕ್ಕಿ ಒತ್ತಿದರೆ ಪ್ರೆಸೆಂಟ್ ಅಂತ ಬರುತ್ತದೆ, ಪರದೆ ತುಂಬಾ ತೋರಿಸಬಹುದು. ಆದರೆ ಅನಿಮೇಷನ್ ಹೋಗುತ್ತದೆ, ಪ್ರಶ್ನೆ ಉತ್ತರ ಎರಡೂ ಒಟ್ಟಿಗೇ ಕಾಣಿಸಿಬಿಡುತ್ತವೆ. ಅದಕ್ಕೆ ಪಿಡಿಎಫ್ ಮಾಡುವ ಮೊದಲೇ ಗೂಗಲ್ ಸ್ಲೈಡ್ಸ್‌ನಲ್ಲಿ ಆ ಸ್ಲೈಡನ್ನು ಕಂಟ್ರೋಲ್ ಡಿ ಒತ್ತಿ ನಕಲು ಮಾಡಿ, ಮೊದಲನೆಯದರಲ್ಲಿ ಉತ್ತರ ಅಳಿಸಿ. ಪುಟ ಜಾಸ್ತಿಯಾದರೆ ಆಗಲಿ ಬಿಡಿ, ಪ್ರಿಂಟ್ ಏನೂ ತೆಗೆಯಲ್ಲ ಅಲ್ವಾ. ವಿಡಿಯೋ ಇರುವ ಪಾಠಕ್ಕೆ ಮಾತ್ರ ಇದು ನಡೆಯುವುದಿಲ್ಲ, ಅಲ್ಲಿ ಬರೀ ಚಿತ್ರ ಉಳಿಯುತ್ತದೆ. ನಿಮ್ಮದೇ ವಿಡಿಯೋ ಆದರೆ ಅದನ್ನೂ ಅದೇ ಪೆನ್‌ಡ್ರೈವ್‌ನಲ್ಲಿ ಬೇರೆಯಾಗಿ ಇಟ್ಟುಕೊಳ್ಳಿ.