ಮೇಲ್‌ಗೆ ಬೀಗ ಹಾಕಿ, ಸಹಿಯನ್ನೂ ಹಾಕಿ

ಮುಂಬೈಯಲ್ಲಿ ಬಾಡಿಗೆ ಮನೆ ಹಿಡಿದವರಿಗೆ ಈ ಮೆರವಣಿಗೆ ಗೊತ್ತು. ಆಧಾರ್ ಕಳಿಸಿ, ಪ್ಯಾನ್ ಕಳಿಸಿ, ಫೋಟೊ ಕಳಿಸಿ, ಸ್ಯಾಲರಿ ಸ್ಲಿಪ್ ಇದ್ದರೆ ಅದನ್ನೂ ಕಳಿಸಿ. ಬ್ರೋಕರ್‌ಗೊಂದು ಮೇಲ್, ಮಾಲೀಕರಿಗೊಂದು, ಅಗ್ರಿಮೆಂಟ್ ಮಾಡಿಸಿಕೊಡುವವನಿಗೊಂದು. ಮನೆ ಬದಲಾದಾಗ ಮತ್ತೆ ಮೊದಲಿಂದ. ಇನ್ನು ಊರಿನ ಜಾಗ ಪಾಲಾಗುವಾಗಂತೂ ಆರ್‌ಟಿಸಿ, ವಂಶವೃಕ್ಷ, ಪಾಸ್‌ಬುಕ್ಕಿನ ಮೊದಲ ಪುಟ ಎಲ್ಲವೂ ಡೊಂಬಿವಲಿಯಿಂದ ಕುಂದಾಪುರಕ್ಕೆ, ಕುಂದಾಪುರದಿಂದ ವಕೀಲರಿಗೆ ಮೇಲ್‌ನಲ್ಲೇ ಓಡಾಡುತ್ತವೆ. ಇವೆಲ್ಲ ಹೋದವರ ಇನ್‌ಬಾಕ್ಸ್‌ನಲ್ಲಿ ವರ್ಷಗಟ್ಟಲೆ ಬಿದ್ದಿರುತ್ತವೆ. ಆ ಬ್ರೋಕರ್‌ನ ಪಾಸ್‌ವರ್ಡ್ ನಾಳೆ ಯಾರ ಕೈಗೋ ಸಿಕ್ಕಿದರೆ ನಿಮ್ಮ ಕಾಗದವೂ ಸಿಕ್ಕಿದ ಹಾಗೆಯೇ.

ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ ಅಂತೀರಾ? ಇದೆ. ಹೆಸರಿನ ಮೊದಲ ನಾಲ್ಕು ಅಕ್ಷರ ಇಂಗ್ಲಿಷ್ ದೊಡ್ಡಕ್ಷರದಲ್ಲಿ, ಆಮೇಲೆ ಹುಟ್ಟಿದ ವರ್ಷ. ನಿಮ್ಮನ್ನು ಗೊತ್ತಿರುವ ಯಾರಿಗೂ ಅದು ಗುಟ್ಟಲ್ಲ.

ಇದಕ್ಕಿಂತ ದೊಡ್ಡ ತಲೆನೋವು ಇನ್ನೊಂದಿದೆ. ಮಾಟುಂಗಾದ ಒಂದು ಹೋಟೆಲಿಗೆ ಚಿಕ್ಕಮಗಳೂರಿನಿಂದ ಕಾಫಿ ಪುಡಿ ಬರುತ್ತದೆ ಅಂತಿಟ್ಟುಕೊಳ್ಳಿ. ಒಂದು ದಿನ ಪುಡಿಯವರ ವಿಳಾಸದಿಂದಲೇ ಮೇಲ್: 'ನಮ್ಮ ಬ್ಯಾಂಕ್ ಬದಲಾಗಿದೆ, ಇನ್ನು ಮುಂದೆ ಈ ಅಕೌಂಟಿಗೆ ಹಾಕಿ.' ಯಾರು ಬರೆದದ್ದು? ಪುಡಿಯವರೇ ಬರೆದಿರಬಹುದು, ಅವರ ಮೇಲ್ ಅಕೌಂಟಿಗೆ ನುಗ್ಗಿದ ಕಳ್ಳನೂ ಬರೆದಿರಬಹುದು. ಮೇಲ್ ನೋಡಿ ಹೇಳೋಕಾಗಲ್ಲ. ಡಿಜಿಟಲ್ ಸಹಿ ಇದ್ದರೆ ಹೇಳಬಹುದು, ಏಕೆಂದರೆ ಸಹಿ ಹಾಕುವ ಕೀ, ಅಂದರೆ ಗುಟ್ಟಿನ ಕೋಡ್ ಇರುವ ಫೈಲ್, ಇರುವುದು ಅವರ ಕಂಪ್ಯೂಟರ್‌ನಲ್ಲಿ, ಮೇಲ್ ಅಕೌಂಟಿನಲ್ಲಲ್ಲ. ಕಳ್ಳನಿಗೆ ಮೇಲ್ ಪಾಸ್‌ವರ್ಡ್ ಸಿಕ್ಕಿದರೂ ಸಹಿ ಹಾಕೋಕೆ ಬರಲ್ಲ. ಎನ್‌ಕ್ರಿಪ್ಷನ್, ಅಂದರೆ ಬೇರೆಯವರು ಓದದ ಹಾಗೆ ಮೇಲ್‌ಗೆ ಬೀಗ ಹಾಕುವುದು, ಅಂದಾಗ ಎಲ್ಲರೂ ಗುಟ್ಟಿನ ಬಗ್ಗೆಯೇ ಮಾತಾಡುತ್ತಾರೆ. ನನ್ನ ಲೆಕ್ಕದಲ್ಲಿ ನಮ್ಮಂಥ ಮನೆ, ಅಂಗಡಿ ನಡೆಸುವವರಿಗೆ ಸಹಿಯೇ ಜಾಸ್ತಿ ಉಪಯೋಗ.

ಬೀಗ, ಸಹಿ ಎರಡನ್ನೂ ಕಾಸು ಖರ್ಚಿಲ್ಲದೆ ಮಾಡಿಕೊಳ್ಳಬಹುದು. ಒಂದು ಭಾನುವಾರ ಮಧ್ಯಾಹ್ನ ಸಾಕು.

ಮೊದಲು ಇದಿಷ್ಟು ತಿಳಿದಿರಲಿ

ನಾವು ಬಳಸುವುದು ಓಪನ್‌ಪಿಜಿಪಿ ಎಂಬ ಪದ್ಧತಿ. ಅಮೆರಿಕದ ಫಿಲ್ ಝಿಮ್ಮರ್‌ಮನ್ 1991ರಲ್ಲಿ ಇದರ ಮೂಲವಾದ ಪಿಜಿಪಿ ಎಂಬ ಪ್ರೋಗ್ರಾಂ ಬರೆದು ಪುಕ್ಕಟೆ ಹಂಚಿದರು. ಅದು ದೇಶದ ಹೊರಗೂ ಹರಡಿತು. ಗಟ್ಟಿ ಎನ್‌ಕ್ರಿಪ್ಷನ್ನನ್ನು ಆಗ ಅಲ್ಲಿ ಶಸ್ತ್ರಾಸ್ತ್ರದ ಸಾಲಿನಲ್ಲಿ ಇಟ್ಟಿದ್ದರು. ಅದಕ್ಕೇ ಸರ್ಕಾರ ಅವರ ಮೇಲೆ ತನಿಖೆ ಹೂಡಿ, 1996ರಲ್ಲಿ ಕೇಸ್ ಹಾಕದೆ ಕೈಬಿಟ್ಟಿತು. ಇವತ್ತು ಅದೇ ಸರಕು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಸುಮ್ನೆ ಕೂತಿರುತ್ತದೆ.

ಇದರಲ್ಲಿ ಕೀ ಎರಡು. ಪಬ್ಲಿಕ್ ಕೀ ಅಂದರೆ ನೀವು ಊರಿಗೆಲ್ಲ ಹಂಚುವ ತೆರೆದ ಬೀಗ, ಯಾರು ಬೇಕಾದರೂ ಪೆಟ್ಟಿಗೆಗೆ ಹಾಕಿ ಒತ್ತಿ ಮುಚ್ಚಬಹುದು. ತೆರೆಯೋಕೆ ಮಾತ್ರ ನಿಮ್ಮ ಹತ್ತಿರವೇ ಇರುವ ಸೀಕ್ರೆಟ್ ಕೀ ಬೇಕು. ಸಹಿಗೆ ಇದು ಉಲ್ಟಾ: ಸೀಕ್ರೆಟ್ ಕೀಯಿಂದ ನೀವು ಸಹಿ ಹಾಕುತ್ತೀರಿ, ಪಬ್ಲಿಕ್ ಕೀ ಇದ್ದವರೆಲ್ಲ ಅದು ನಿಮ್ಮದೇ ಅಂತ ಪರೀಕ್ಷೆ ಮಾಡಬಹುದು. ಅಂದರೆ ನಿಮಗೆ ಗುಟ್ಟಾಗಿ ಬರೆಯಬೇಕಾದವರ ಹತ್ತಿರ ನಿಮ್ಮ ಪಬ್ಲಿಕ್ ಕೀ ಇರಬೇಕು, ನೀವು ಅವರಿಗೆ ಬರೆಯೋಕೆ ಅವರದ್ದು ಬೇಕು. ಒಬ್ಬರೇ ಮಾಡಿಕೊಂಡು ಪ್ರಯೋಜನವಿಲ್ಲ, ಇನ್ನೊಬ್ಬರನ್ನೂ ಕೂರಿಸಿ.

ಥಂಡರ್‌ಬರ್ಡ್ ಹಾಕಿಕೊಳ್ಳಿ

ಥಂಡರ್‌ಬರ್ಡ್ ಉಚಿತ ಮೇಲ್ ಪ್ರೋಗ್ರಾಂ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಹಿಂದೆ ಇದಕ್ಕೆ ಎನಿಗ್‌ಮೇಲ್ ಅಂತ ಬೇರೆ ಆಡ್-ಆನ್ ಹಾಕಬೇಕಿತ್ತು. 2020ರಲ್ಲಿ ಬಂದ 78ನೇ ಆವೃತ್ತಿಯಿಂದ ಓಪನ್‌ಪಿಜಿಪಿ ಒಳಗೇ ಇದೆ. ಹಾಗಾಗಿ ಎನಿಗ್‌ಮೇಲ್ ಹಾಕಿ ಅಂತ ಯಾವುದಾದರೂ ಹಳೆಯ ಲೇಖನ ಹೇಳಿದರೆ ಅದನ್ನು ಪಕ್ಕಕ್ಕಿಡಿ.

ಪ್ರೋಗ್ರಾಂ ತೆರೆದು ಹೆಸರು, ಮೇಲ್ ವಿಳಾಸ ಕೊಡಿ. ಜಿಮೇಲ್ ಆದರೆ ಗೂಗಲ್‌ನದೇ ಲಾಗಿನ್ ಕಿಟಕಿ ಬರುತ್ತದೆ, ಅಲ್ಲಿ ಪಾಸ್‌ವರ್ಡ್ ಹಾಕಿ ಒಪ್ಪಿಗೆ ಕೊಡಿ. ಐಮ್ಯಾಪ್ ಬೇಕಾ ಪಾಪ್ ಬೇಕಾ ಅಂತ ಕೇಳಿದರೆ ಐಮ್ಯಾಪ್ ಅನ್ನಿ. ಆಫೀಸ್ ಮೇಲ್‌ಗೆ ಇದನ್ನೆಲ್ಲ ಮಾಡುವ ಮೊದಲು ಐಟಿಯವರನ್ನು ಕೇಳಿ, ಸುಮ್ನೆ ಯಾಕೆ ರಗಳೆ.

ಕೀ ಮಾಡುವುದು

ಅಕೌಂಟ್ ಸೆಟ್ಟಿಂಗ್ಸ್‌ಗೆ ಹೋಗಿ, ನಿಮ್ಮ ವಿಳಾಸದ ಕೆಳಗೆ 'ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್' ಒತ್ತಿ. ಅಲ್ಲಿ 'ಆಡ್ ಕೀ', ಆಮೇಲೆ ಹೊಸ ಓಪನ್‌ಪಿಜಿಪಿ ಕೀ ಮಾಡುವ ಆಯ್ಕೆ. ಕೀಯ ಅವಧಿ ಮೂರು ವರ್ಷ ಅಂತ ಅದೇ ತುಂಬಿರುತ್ತದೆ, ಹಾಗೇ ಬಿಡಿ. ಆಮೇಲೆ ಬೇಕಾದಾಗ ಅವಧಿ ವಿಸ್ತರಿಸಬಹುದು, ಕೀ ಅದೇ ಇರುತ್ತದೆ. ಆರ್‌ಎಸ್‌ಎ, ಇಸಿಸಿ ಇವುಗಳಲ್ಲಿ ಯಾವುದು ಅಂತ ತಲೆ ಕೆಡಿಸಿಕೊಳ್ಳಬೇಡಿ, ಬಂದದ್ದನ್ನೇ ಇಟ್ಟುಕೊಳ್ಳಿ. 'ಜನರೇಟ್ ಕೀ' ಒತ್ತಿದ ಮೇಲೆ ಸ್ವಲ್ಪ ಹೊತ್ತು ಹಿಡಿಯಬಹುದು. ಮುಗಿದ ಮೇಲೆ ಅದೇ ಪುಟದಲ್ಲಿ ಹೊಸ ಕೀ ಆಯ್ಕೆಯಾಗಿದೆಯಾ ನೋಡಿ, 'ನನ್' (None, ಯಾವುದೂ ಇಲ್ಲ) ಅಂತ ಇದ್ದರೆ ಕೀಯ ಮುಂದಿನ ಗುಂಡಿ ಒತ್ತಿ.

ಮಾಡಿದ ಕೂಡಲೇ, ಒಂದು ಮೇಲ್ ಕೂಡ ಬರೆಯುವ ಮೊದಲು, ಎರಡು ಕೆಲಸ ಮುಗಿಸಿ.

ಒಂದು, ಸೆಟ್ಟಿಂಗ್ಸ್‌ನ 'ಪ್ರೈವಸಿ ಅಂಡ್ ಸೆಕ್ಯೂರಿಟಿ'ಯಲ್ಲಿ ಪ್ರೈಮರಿ ಪಾಸ್‌ವರ್ಡ್ ಹಾಕಿ. ಇದಿಲ್ಲದಿದ್ದರೆ ನಿಮ್ಮ ಲ್ಯಾಪ್‌ಟಾಪ್ ತೆರೆದವರು ಯಾರೇ ಆಗಲಿ ನಿಮ್ಮ ಮೇಲ್ ಓದಬಹುದು, ನಿಮ್ಮ ಹೆಸರಿನಲ್ಲಿ ಸಹಿಯನ್ನೂ ಹಾಕಬಹುದು.

ಎರಡು, ಬ್ಯಾಕಪ್. ಟೂಲ್ಸ್ ಮೆನುವಿನ ಓಪನ್‌ಪಿಜಿಪಿ ಕೀ ಮ್ಯಾನೇಜರ್ ತೆರೆದು, ಕೀ ಆಯ್ದು, ಫೈಲ್ ಮೆನುವಿನಿಂದ ಸೀಕ್ರೆಟ್ ಕೀ ಬ್ಯಾಕಪ್ ತೆಗೆಯಿರಿ. ಒಂದು ಪಾಸ್‌ವರ್ಡ್ ಕೇಳುತ್ತದೆ, ಅದನ್ನು ಕಾಗದದ ಮೇಲೆ ಬರೆದಿಡಿ. ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿ. ಪಾಸ್‌ವರ್ಡ್ ಬರೆದ ಕಾಗದವನ್ನು ಪೆನ್‌ಡ್ರೈವ್ ಜೊತೆಗೇ ಕಟ್ಟಿಡಬೇಡಿ, ಬೇರೆ ಕಡೆ ಇಡಿ. ಈ ಕೀ ಕಳೆದುಹೋದರೆ ನಿಮಗೆ ಬಂದ ಬೀಗದ ಮೇಲ್‌ಗಳನ್ನು ನೀವೂ ತೆರೆಯಲಾರಿರಿ. 'ಫರ್ಗಾಟ್ ಪಾಸ್‌ವರ್ಡ್' ಅಂತ ಒತ್ತುವ ಜಾಗವೇ ಇಲ್ಲ, ಬೇಡಿಕೊಳ್ಳೋಕೆ ಕಸ್ಟಮರ್ ಕೇರ್ ಕೂಡ ಇಲ್ಲ. ಪೆನ್‌ಡ್ರೈವ್ ಎರಡು ಮಾಡಿ, ಒಂದನ್ನು ಊರಿನ ಮನೆಯಲ್ಲಿಡಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದಾಗ ನೆಲಮಹಡಿಯವರ ಕಪಾಟುಗಳಲ್ಲಿ ಏನು ಉಳಿಯಿತು ಅಂತ ಈ ನಗರದವರಿಗೆ ಹೇಳಬೇಕಾಗಿಲ್ಲ.

ಕೀ ಕೊಡುವುದು, ತೆಗೆದುಕೊಳ್ಳುವುದು

ಡೊಂಬಿವಲಿಯ ಅಕ್ಕ, ಕುಂದಾಪುರದ ತಮ್ಮ ಇಬ್ಬರೂ ಇಷ್ಟು ಮಾಡಿಕೊಂಡರು ಅನ್ನಿ. ಅಕ್ಕ ಒಂದು ಸಾದಾ ಮೇಲ್ ಬರೆದು, ಓಪನ್‌ಪಿಜಿಪಿ ಮೆನುವಿನಲ್ಲಿ 'ಅಟ್ಯಾಚ್ ಮೈ ಪಬ್ಲಿಕ್ ಕೀ' ಒತ್ತಿ ತಮ್ಮನಿಗೆ ಕಳಿಸುತ್ತಾಳೆ. ಅದು .ಎಎಸ್‌ಸಿ ಎಂಬ ಬಾಲದ ಪುಟ್ಟ ಫೈಲಾಗಿ ಹೋಗುತ್ತದೆ. ತಮ್ಮ ಅದರ ಮೇಲೆ ಬಲ ಕ್ಲಿಕ್ ಮಾಡಿ ಇಂಪೋರ್ಟ್ ಮಾಡಿಕೊಳ್ಳುತ್ತಾನೆ. ತನ್ನದನ್ನೂ ಹಾಗೇ ಕಳಿಸುತ್ತಾನೆ.

ಇಲ್ಲಿ ಥಂಡರ್‌ಬರ್ಡ್ ಒಂದು ಪ್ರಶ್ನೆ ಕೇಳುತ್ತದೆ: ಈ ಕೀಯನ್ನು ಒಪ್ಪುತ್ತೀರಾ? ಬೇಡ ಅನ್ನಬಹುದು, ಈಗ ಬೇಡ ಆಮೇಲೆ ನೋಡೋಣ ಅನ್ನಬಹುದು, ಒಪ್ಪುತ್ತೇನೆ ಆದರೆ ತಾಳೆ ನೋಡಿಲ್ಲ ಅನ್ನಬಹುದು, ತಾಳೆ ನೋಡಿಯೇ ಒಪ್ಪುತ್ತೇನೆ ಅನ್ನಬಹುದು. ಹೆಚ್ಚಿನವರು ಮೂರನೆಯದನ್ನು ಒತ್ತಿ ಮುಂದೆ ಹೋಗುತ್ತಾರೆ. ನಾನು ಇಲ್ಲೇ ಹಟ ಹಿಡಿಯುವುದು. ಬಟನ್ ಒತ್ತುವುದೆಲ್ಲ ಮಕ್ಕಳಿಗೂ ಬರುತ್ತದೆ, ನಿಜವಾದ ಕೆಲಸ ಈ ತಾಳೆ ನೋಡುವುದು. ಅಕ್ಕನ ಮೇಲ್ ಅಕೌಂಟಿಗೆ ನುಗ್ಗಿದವನು ಅಕ್ಕನ ಹೆಸರಿನಲ್ಲಿ ತನ್ನದೇ ಕೀ ಮಾಡಿ ಕಳಿಸಿದ್ದರೆ? ಕೀ ಮೇಲೆ ಯಾವ ಹೆಸರು, ಯಾವ ವಿಳಾಸ ಬೇಕಾದರೂ ಬರೆಯಬಹುದು, ಯಾರೂ ತಡೆಯುವುದಿಲ್ಲ.

ಪ್ರತಿ ಕೀಗೂ ಫಿಂಗರ್‌ಪ್ರಿಂಟ್ ಅಂತ ಇರುತ್ತದೆ: 40 ಅಕ್ಷರ, ನಾಲ್ಕು ನಾಲ್ಕರ ಹತ್ತು ಗುಂಪು. 0ರಿಂದ 9 ಅಂಕಿ, ಎಯಿಂದ ಎಫ್‌ವರೆಗೆ ಇಂಗ್ಲಿಷ್ ಅಕ್ಷರ, ಅಷ್ಟೇ. ಕೀ ಮ್ಯಾನೇಜರ್‌ನಲ್ಲಿ ಕೀ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಕಾಣುತ್ತದೆ. ಅಕ್ಕ ಫೋನ್ ಮಾಡಿ ತನ್ನ ತೆರೆಯ ಮೇಲಿನದ್ದನ್ನು ಓದಬೇಕು, ತಮ್ಮ ತನಗೆ ಬಂದ ಕೀಯದ್ದನ್ನು ನೋಡುತ್ತಾ ಹೋಗಬೇಕು. ಮೇಲ್‌ನಲ್ಲಿ ಬರೆದು ಕಳಿಸಿದರೆ ನಡೆಯಲ್ಲ, ಕೀ ಬದಲಿಸಿದವನು ಅದನ್ನೂ ಬದಲಿಸಿರುತ್ತಾನೆ. ಧ್ವನಿ ಗುರುತು ಸಿಗಬೇಕು.

ಲೋಕಲ್ ಟ್ರೇನಿನ ಗದ್ದಲದಲ್ಲಿ ಈ ಕೆಲಸ ಆಗಲ್ಲ ಬಿಡಿ. ಮನೆಯಲ್ಲಿ ಕೂತು ಮಾಡಿದರೂ 'ಅಕ್ಕಾ, ಬಿ ಅಂದ್ಯಾ ಡಿ ಅಂದ್ಯಾ?', 'ಬಿ ಮಾರಾಯಾ, ಬೊರಿವಲಿ ಬಿ!' ಅಂತ ಆಗಿಯೇ ಆಗುತ್ತದೆ. ಮುಂಬೈಯವರಿಗೆ ಆರೂ ಅಕ್ಷರಕ್ಕೆ ಹೆಸರು ಕೈಯಲ್ಲೇ ಇದೆ: ಅಂಧೇರಿಯ ಎ, ಬೊರಿವಲಿಯ ಬಿ, ಚರ್ಚ್‌ಗೇಟಿನ ಸಿ, ದಾದರಿನ ಡಿ, ಎಲ್ಫಿನ್‌ಸ್ಟನ್ ರೋಡಿನ ಇ, ಫೋರ್ಟಿನ ಎಫ್. ಎಲ್ಫಿನ್‌ಸ್ಟನ್ 2018ರಿಂದ ಪ್ರಭಾದೇವಿ ಆಗಿದೆ, ಆದರೂ ಇಲ್ಲಿ ಹಳೆಯ ಹೆಸರೇ ಅನುಕೂಲ. ನಲವತ್ತೂ ಹೊಂದಿದರೆ ನಾಲ್ಕನೆಯ ಆಯ್ಕೆ ಒತ್ತಿ. ಒಂದು ಅಕ್ಷರ ತಪ್ಪಿದರೂ ಒಪ್ಪಬೇಡಿ.

ಬರೆಯುವುದು

ಇನ್ನು ಸಲೀಸು. ಹೊಸ ಮೇಲ್ ತೆರೆದು, ತಮ್ಮನ ವಿಳಾಸ ಹಾಕಿ, ಮೇಲುಗಡೆ 'ಎನ್‌ಕ್ರಿಪ್ಟ್' ಒತ್ತಿದರೆ ಆಯಿತು. ಪಕ್ಕದ ಮೆನುವಿನಲ್ಲಿ 'ಡಿಜಿಟಲಿ ಸೈನ್' ಟಿಕ್ ಆಗಿದೆಯಾ ನೋಡಿ. ಯಾರ ಕೀ ನಿಮ್ಮ ಹತ್ತಿರ ಇಲ್ಲವೋ ಅವರ ಹೆಸರು ಹಿಡಿದು ಪ್ರೋಗ್ರಾಂ ತಕರಾರು ಮಾಡುತ್ತದೆ, ಬೀಗ ಹಾಕಿ ಕಳಿಸೋಕೆ ಬಿಡುವುದಿಲ್ಲ.

ಎನ್‌ಕ್ರಿಪ್ಷನ್ ಇಲ್ಲದ ಮೇಲ್‌ಗೂ ಸಹಿ ಹಾಕಬಹುದು, ಎಂಡ್-ಟು-ಎಂಡ್ ಪುಟದ ಕೆಳಗೆ ಅದಕ್ಕೊಂದು ಟಿಕ್ ಇದೆ. ವ್ಯಾಪಾರದವರು ಅದನ್ನು ಹಾಕಿಬಿಡಿ. ಕಾಫಿ ಪುಡಿಯವರು ಪ್ರತಿ ಮೇಲ್‌ಗೂ ಸಹಿ ಹಾಕುವವರಾದರೆ, ಅಕೌಂಟ್ ನಂಬರ್ ಬದಲಾಗಿದೆ ಅನ್ನುವ ಮೇಲ್ ಮಾತ್ರ ಸಹಿ ಇಲ್ಲದೆ ಬಂದಾಗ ಹೋಟೆಲಿನವರ ಕೈ ತಾನಾಗಿ ತಡೆಯುತ್ತದೆ. ಆದರೆ ಥಂಡರ್‌ಬರ್ಡ್ ಇಲ್ಲದವರಿಗೆ ಈ ಸಹಿ ಒಂದು .ಎಎಸ್‌ಸಿ ಅಟ್ಯಾಚ್‌ಮೆಂಟಾಗಿ ಕಾಣುತ್ತದೆ, 'ಇದೇನ್ರೀ, ವೈರಸ್ಸಾ?' ಅಂತ ಫೋನ್ ಬರುತ್ತದೆ, ಉತ್ತರ ತಯಾರಿರಲಿ.

ಬಂದ ಮೇಲ್‌ನಲ್ಲಿ ಓಪನ್‌ಪಿಜಿಪಿ ಅಂತ ಚಿಹ್ನೆ ಇರುತ್ತದೆ. ಅದನ್ನು ಒತ್ತಿದರೆ ಬೀಗ ಇತ್ತಾ, ಸಹಿ ಸರಿ ಇದೆಯಾ ಎಲ್ಲ ಹೇಳುತ್ತದೆ. ತಾಳೆ ನೋಡದ ಕೀಯ ಸಹಿಯನ್ನೂ, ತಾಳೆ ನೋಡಿದ ಕೀಯ ಸಹಿಯನ್ನೂ ಬೇರೆ ಬೇರೆಯಾಗಿ ತೋರಿಸುತ್ತದೆ. ಸಹಿ ಕೆಟ್ಟಿದೆ ಅಂದ ಕೂಡಲೇ ಕಳ್ಳ ಅಂತ ಕೂಗಬೇಡಿ. ಕೆಲವು ಕಂಪನಿಗಳ ಸರ್ವರ್ ಹೊರಗೆ ಹೋಗುವ ಮೇಲ್‌ನ ಕೊನೆಗೆ ತನ್ನದೊಂದು ಸೂಚನೆ ಅಂಟಿಸುತ್ತದೆ, ಅಷ್ಟಕ್ಕೇ ಸಹಿ ಕೆಡುತ್ತದೆ. ಕಳಿಸಿದವರಿಗೆ ಫೋನ್ ಮಾಡಿ ಕೇಳಿ.

ಬೀಗದೊಳಗೆ ಏನೇನು ಬರುವುದಿಲ್ಲ

ಮೇಲ್‌ನ ಒಳಗಿನ ಮಾತು, ಅಟ್ಯಾಚ್‌ಮೆಂಟ್ ಗುಟ್ಟಾಗಿರುತ್ತವೆ. ಥಂಡರ್‌ಬರ್ಡ್ ಸಬ್ಜೆಕ್ಟ್ ಸಾಲನ್ನೂ ಮುಚ್ಚುತ್ತದೆ, ಹೊರಗಿನವರಿಗೆ ಬರೀ ಮೂರು ಚುಕ್ಕಿ. ಯಾರು ಯಾರಿಗೆ ಯಾವಾಗ ಕಳಿಸಿದರು ಅನ್ನುವುದು ಮಾತ್ರ ದಾರಿಯಲ್ಲಿರುವ ಸರ್ವರ್‌ಗಳಿಗೆ ಕಾಣುತ್ತಲೇ ಇರುತ್ತದೆ. ಅದಕ್ಕೆ ಇದರಲ್ಲಿ ಮದ್ದಿಲ್ಲ. ಬ್ರೌಸರ್‌ನಲ್ಲಿ ಜಿಮೇಲ್ ತೆರೆದರೆ ಬೀಗದ ಮೇಲ್ ಓದೋಕೂ ಆಗಲ್ಲ, ಅದರೊಳಗೆ ಹುಡುಕೋಕೂ ಆಗಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ಓದಬೇಕಿದ್ದರೆ ಥಂಡರ್‌ಬರ್ಡ್ ಜೊತೆಗೆ ಓಪನ್‌ಕೀಚೈನ್ ಎಂಬ ಆ್ಯಪ್ ಹಾಕಿ, ಬ್ಯಾಕಪ್ ಫೈಲನ್ನು ಅದಕ್ಕೆ ಕೊಡಬೇಕು. ನನ್ನನ್ನು ಕೇಳಿದರೆ ಟ್ರೇನಿನಲ್ಲಿ ಕೈ ಜಾರಿ ಹೋಗುವ ಫೋನಿಗೆ ಸೀಕ್ರೆಟ್ ಕೀ ಬೇಡವೇ ಬೇಡ.

ಜಿಎಸ್‌ಟಿಗೋ ಕಂಪನಿ ಕಾಗದಕ್ಕೋ ನಿಮ್ಮ ಸಿಎ ಹತ್ತಿರ ಇರುವ ಯುಎಸ್‌ಬಿ ಟೋಕನ್ನಿನ ಡಿಜಿಟಲ್ ಸಹಿ ಬೇರೆ, ಇದು ಬೇರೆ. ಆ ಟೋಕನ್ನಿನ ಸರ್ಟಿಫಿಕೇಟ್ ಕೊಡುವುದು ಸರ್ಕಾರದ ಲೈಸೆನ್ಸ್ ಇರುವ ಸಂಸ್ಥೆ. 2000ದ ಐಟಿ ಕಾಯ್ದೆ ಮಾನ್ಯ ಮಾಡುವುದು ಅಂಥ ಸಹಿಯನ್ನು. ನಾವು ಮನೆಯಲ್ಲೇ ಮಾಡಿಕೊಂಡ ಓಪನ್‌ಪಿಜಿಪಿ ಸಹಿ ಅದರ ಬದಲಿಗೆ ನಡೆಯಲ್ಲ. ಸರ್ಟಿಫಿಕೇಟ್ ಮೇಲೆ ನಡೆಯುವ ಎಸ್/ಮೈಮ್ ಎಂಬ ಇನ್ನೊಂದು ಪದ್ಧತಿಯೂ ಇದೆ, ಅದರ ಜಾಗ ಥಂಡರ್‌ಬರ್ಡ್‌ನ ಅದೇ ಪುಟದಲ್ಲಿದೆ. ಔಟ್‌ಲುಕ್ ಬಳಸುವ ದೊಡ್ಡ ಕಂಪನಿಗಳ ಜೊತೆ ವ್ಯವಹಾರ ಇದ್ದರೆ ಅವರು ಅದನ್ನೇ ಕೇಳುವ ಸಾಧ್ಯತೆ ಜಾಸ್ತಿ.

ಲ್ಯಾಪ್‌ಟಾಪ್ ಕಳ್ಳತನವಾದರೆ ಮೊದಲು ಮೇಲ್‌ನ ಪಾಸ್‌ವರ್ಡ್ ಬದಲಿಸಿ. ಆಮೇಲೆ ಬೇರೆ ಕಂಪ್ಯೂಟರ್‌ನಲ್ಲಿ ಥಂಡರ್‌ಬರ್ಡ್ ಹಾಕಿ, ಪೆನ್‌ಡ್ರೈವ್‌ನ ಕೀ ಇಂಪೋರ್ಟ್ ಮಾಡಿ, ಕೀ ಮ್ಯಾನೇಜರ್‌ನಲ್ಲಿ ಅದನ್ನು ರಿವೋಕ್ ಮಾಡಿ, ಆ ರದ್ದಾದ ಪಬ್ಲಿಕ್ ಕೀಯನ್ನು ಮೊದಲು ಕೊಟ್ಟವರಿಗೆಲ್ಲ ಮತ್ತೆ ಕಳಿಸಿ. ಅವರು ಇಂಪೋರ್ಟ್ ಮಾಡಿಕೊಂಡರೆ ಮಾತ್ರ ಅವರ ಕಡೆ ರದ್ದಾಗುತ್ತದೆ. ಹೊಸ ಕೀ ಮಾಡಿ, ಮತ್ತೆ ಫೋನ್ ಹಚ್ಚಿ ನಲವತ್ತು ಅಕ್ಷರ ಓದಿ. ರದ್ದಾಯಿತಲ್ಲ ಅಂತ ಹಳೆಯ ಸೀಕ್ರೆಟ್ ಕೀ ಅಳಿಸಬೇಡಿ, ಇಲ್ಲಿಯವರೆಗೆ ಬಂದ ಮೇಲ್‌ಗಳನ್ನು ತೆರೆಯೋಕೆ ಅದೇ ಬೇಕು.