ಉಪ್ಪುನೀರಿನ ಅಕ್ವೇರಿಯಂ: ಚಿಕ್ಕ ತೊಟ್ಟಿಯಿಂದ ದೊಡ್ಡ ತೊಟ್ಟಿಗೆ

ಉಪ್ಪುನೀರಿನ ಅಕ್ವೇರಿಯಂ ಇಟ್ಟವರಿಗೆ ಒಂದಲ್ಲ ಒಂದು ದಿನ ತೊಟ್ಟಿ ಸಾಲದಾಗುತ್ತದೆ. ದೊಡ್ಡ ತೊಟ್ಟಿ ತಂದಾಗ ಹೆಚ್ಚಿನವರು ಹಳೆಯ ನೀರನ್ನು ಒಂದು ಹನಿಯೂ ಚೆಲ್ಲದಂತೆ ಸಾಗಿಸುವುದಕ್ಕೇ ಗಮನ ಕೊಡುತ್ತಾರೆ. ಆದರೆ ಮೀನಿನ ತ್ಯಾಜ್ಯದಿಂದ ಹುಟ್ಟುವ ಅಮೋನಿಯಾವನ್ನು ನೈಟ್ರೈಟ್ ಆಗಿ, ಮುಂದೆ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲಾಡುವುದು ಬಹಳ ಕಡಿಮೆ. ಲೈವ್ ರಾಕ್ ಎಂದು ಕರೆಯುವ ತೂತುತೂತಾದ ಕಲ್ಲುಗಳು, ಫಿಲ್ಟರಿನ ಸ್ಪಂಜು, ಮರಳಿನ ಮೇಲ್ಪದರ ಇವೇ ಅವುಗಳ ನೆಲೆ. ಆದ್ದರಿಂದ ಕಲ್ಲು ಒಣಗದಂತೆಯೂ ಹಳೆಯ ಮರಳಿನ ಕೊಳೆ ಹೊಸ ತೊಟ್ಟಿಗೆ ಹೋಗದಂತೆಯೂ ನೋಡಿಕೊಳ್ಳುವುದೇ ಈ ಕೆಲಸದ ಜೀವಾಳ.

ಮೊದಲು ಹೊಸ ತೊಟ್ಟಿಯನ್ನು ಅದರ ಖಾಯಂ ಜಾಗದಲ್ಲಿಟ್ಟು, ರಸಮಟ್ಟದಿಂದ ನಾಲ್ಕೂ ಬದಿ ಸಮವಾಗಿದೆಯೇ ಎಂದು ನೋಡಿ, ಸಿಹಿನೀರು ತುಂಬಿ ಒಂದು ದಿನ ಸೋರಿಕೆಯನ್ನು ಪರೀಕ್ಷಿಸಬೇಕು. 400 ಲೀಟರ್ ಉಪ್ಪುನೀರೇ ಸುಮಾರು 410 ಕಿಲೋ ತೂಗುವುದರಿಂದ, ಗಾಜು, ಕಲ್ಲು, ಮರಳು ಸೇರಿದ ಮೇಲೆ ಅದನ್ನು ಒಂದಿಂಚೂ ಸರಿಸಲಾಗದು.

ಸ್ಥಳಾಂತರದ ಹಿಂದಿನ ದಿನವೇ ಹೊಸ ಉಪ್ಪುನೀರು ಸಿದ್ಧವಾಗಿರಬೇಕು. ಆರ್‌ಒ ಯಂತ್ರದಲ್ಲಿ ಶುದ್ಧಗೊಳಿಸಿದ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂನಂತೆ ಅಕ್ವೇರಿಯಂನ ಸಮುದ್ರದ ಉಪ್ಪು ಬೆರೆಸಿ, ಪಂಪು ಮತ್ತು ಹೀಟರ್ ಹಾಕಿ ಇಡೀ ರಾತ್ರಿ ತಿರುಗಲು ಬಿಡಬೇಕು. ಸಾಪೇಕ್ಷ ಸಾಂದ್ರತೆ (ಸಿಹಿನೀರಿಗಿಂತ ಎಷ್ಟು ಪಟ್ಟು ಭಾರ ಎಂಬ ಅಳತೆ) 1.025, ಉಷ್ಣತೆ 25ರಿಂದ 26 ಡಿಗ್ರಿ ಸೆಲ್ಸಿಯಸ್ ಎಂಬುದು ಸಾಮಾನ್ಯ ಗುರಿ. ಆದರೂ ನಿಮ್ಮ ಹಳೆಯ ತೊಟ್ಟಿ 1.023ರಲ್ಲಿ ಚೆನ್ನಾಗಿ ನಡೆಯುತ್ತಿದ್ದರೆ ಹೊಸ ನೀರನ್ನೂ ಅಷ್ಟಕ್ಕೇ ಹೊಂದಿಸಿ. ಬದಲಾವಣೆ ಬೇಕೆನಿಸಿದರೆ ಅದನ್ನು ಮುಂದಿನ ವಾರಗಳಲ್ಲಿ ನಿಧಾನವಾಗಿ ಮಾಡಬಹುದು. ಎರಡು ತೊಟ್ಟಿಗಳ ವ್ಯತ್ಯಾಸದಷ್ಟು ನೀರು ಮಾತ್ರ ಸಾಲದು. ಹಳೆಯ ತೊಟ್ಟಿಯ ತಳದ ನೀರು ಕೆಸರಾಗಿ ಕೈಬಿಟ್ಟುಹೋಗುತ್ತದೆ, ತುರ್ತಿಗೂ ಒಂದಿಷ್ಟು ಉಳಿದಿರಬೇಕು.

ಸ್ಥಳಾಂತರದ ದಿನದ ಕೆಲಸವನ್ನು ಬೆಳಿಗ್ಗೆಯೇ ಶುರುಮಾಡಿ. ನೀರು ತೆಗೆಯುವುದಕ್ಕೆ ಅರ್ಧ ಗಂಟೆ ಮೊದಲೇ ಹೀಟರ್ ಆರಿಸಿರಬೇಕು, ಏಕೆಂದರೆ ಬಿಸಿಯಾದ ಹೀಟರ್ ನೀರಿನಿಂದ ಹೊರಗೆ ಬಂದರೆ ಅದರ ಗಾಜು ಒಡೆಯಬಹುದು. ಸೋಪು ಸೋಕದ ಬಕೆಟ್ಟುಗಳಿಗೆ ಮೇಲಿನ ತಿಳಿನೀರನ್ನು ಪೈಪಿನಿಂದ ಇಳಿಸಿಕೊಂಡು, ಮೊದಲು ಹವಳಗಳನ್ನು, ಆಮೇಲೆ ಕಲ್ಲುಗಳನ್ನು ತೆಗೆದು, ಅದೇ ನೀರಿನಲ್ಲಿ ಪೂರ್ತಿ ಮುಳುಗಿಸಿಡಿ. ಕೈಗವಸು ಕಡ್ಡಾಯ: ಜೋವಾಂಥಿಡ್ ಜಾತಿಯ ಕೆಲವು ಹವಳಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ತೀವ್ರ ವಿಷವಿರುತ್ತದೆ, ಕೈಮೇಲಿನ ಸಣ್ಣ ಗಾಯವೂ ಅದಕ್ಕೆ ದಾರಿಯಾಗಬಹುದು. ಪ್ರತಿ ಕಲ್ಲನ್ನೂ ಬಕೆಟ್ಟಿನ ಮೇಲೆಯೇ ಎತ್ತಿಹಿಡಿದು ತೂತುಗಳಿಂದ ನೀರು ಬಸಿಯುವವರೆಗೆ ಕಾಯಿರಿ. ನನ್ನ ಮೊದಲ ಸ್ಥಳಾಂತರದಲ್ಲಿ ಹೀಗೆ ನೋಡದೆ ಬೇಡವೆಂದು ಹೊರಗಿಟ್ಟ ಒಂದು ಕಲ್ಲಿನೊಳಗೆ, ಬೆರಳುದ್ದದ ಗೋಬಿ ಮೀನೊಂದು ಮರುದಿನ ಒಣಗಿ ಸಿಕ್ಕಿತು. ಅಂದಿನಿಂದ ಖಾಲಿ ಕಾಣುವ ಕಲ್ಲನ್ನೂ ನಾನು ನಂಬುವುದಿಲ್ಲ.

ಮೀನುಗಳನ್ನು ಕೊನೆಗೆ ಹಿಡಿಯಬೇಕು. ಕಲ್ಲೆಲ್ಲ ಹೊರಬಂದು ನೀರು ಗೇಣುದ್ದಕ್ಕೆ ಇಳಿದ ಮೇಲೆ ಅವು ಅಡಗಲು ಜಾಗವಿರುವುದಿಲ್ಲ, ಅಟ್ಟಾಡಿಸಿ ದಣಿಸುವ ಅಗತ್ಯವೂ ಬೀಳದು. ಮೀನಿನ ಬಕೆಟ್ಟಿಗೆ ಗಾಳಿಯ ಪಂಪು ಮತ್ತು ಗಾಳಿಯಾಡುವ ಮುಚ್ಚಳ ಎರಡೂ ಇರಲಿ, ಹೆದರಿದ ಮೀನು ಹಾರುತ್ತದೆ.

ಇನ್ನು ಮರಳು, ಹೆಚ್ಚಿನ ಅನಾಹುತಗಳು ಇಲ್ಲೇ ಆಗುವುದು. ಗಾಜಿನ ಬದಿಯಿಂದ ನೋಡಿದರೆ ಮೇಲೆ ತಿಳಿಬಣ್ಣದ ಪದರ, ಕೆಳಗೆ ಬೂದು, ಅದರಡಿ ಕೆಲವೆಡೆ ಕಪ್ಪು ಮಚ್ಚೆಗಳು ಕಾಣುತ್ತವೆ. ಆಮ್ಲಜನಕ ತಲುಪದ ಆ ಕಪ್ಪು ಭಾಗವನ್ನು ಕೆದಕಿದೊಡನೆ ಕೊಳೆತ ಮೊಟ್ಟೆಯ ವಾಸನೆ ಏಳುತ್ತದೆ. ಅದು ಹೈಡ್ರೋಜನ್ ಸಲ್ಫೈಡ್, ಮೀನಿಗೆ ವಿಷ. ಅದರೊಂದಿಗೆ ವರ್ಷಗಳಿಂದ ಹುದುಗಿದ್ದ ಕೊಳೆಯೂ ಒಮ್ಮೆಲೇ ಹೊರಬಿದ್ದು ಅಮೋನಿಯಾವಾಗುತ್ತದೆ. ಹಳೆಯ ಮರಳನ್ನು ಇದ್ದಂತೆಯೇ ಸುರಿಯುವುದು ಬೇಡವೇ ಬೇಡ. ಮೇಲಿನ ಒಂದು ಬಟ್ಟಲಿನಷ್ಟನ್ನು ಬೀಜದಂತೆ ತೆಗೆದಿಟ್ಟುಕೊಂಡು, ಉಳಿದದ್ದಕ್ಕೆ ಬದಲಾಗಿ ತೊಳೆದ ಹೊಸ ಮರಳು ಬಳಸುವುದು ನನ್ನ ಮಟ್ಟಿಗೆ ಅತ್ಯಂತ ಸುರಕ್ಷಿತ.

ಹೊಸ ತೊಟ್ಟಿಯಲ್ಲಿ ಕಲ್ಲುಗಳನ್ನು ಮೊದಲು ತಳದ ಮೇಲೆಯೇ ಭದ್ರವಾಗಿ ಕೂರಿಸಿ, ಆಮೇಲೆ ಸುತ್ತ ಮರಳು ಹರಡಬೇಕು. ಮರಳಿನ ಮೇಲೆ ನಿಲ್ಲಿಸಿದ ಕಲ್ಲಿನಡಿ ಮೀನೋ ಸಿಗಡಿಯೋ ಬಿಲ ತೋಡಿದರೆ ಅದು ಮಗುಚಿ ಗಾಜನ್ನೇ ಒಡೆಯಬಹುದು. ಈ ಹೊತ್ತಿನಲ್ಲಿ ಕಲ್ಲು ಗಾಳಿಗೆ ತೆರೆದಿರುವುದರಿಂದ ಆಗಾಗ ಉಪ್ಪುನೀರು ಚಿಮುಕಿಸುತ್ತಾ, ತಡಮಾಡದೆ ನೀರು ತುಂಬಿ. ಸುರಿಯುವ ಜಾಗದಲ್ಲಿ ತಟ್ಟೆಯೊಂದನ್ನಿಟ್ಟರೆ ಮರಳು ಏಳುವುದಿಲ್ಲ. ಹಳೆಯ ಫಿಲ್ಟರಿನ ಸ್ಪಂಜನ್ನು ನಲ್ಲಿ ನೀರಿನಲ್ಲಿ ತೊಳೆಯದೆ ಹಾಗೆಯೇ ಹೊಸ ಫಿಲ್ಟರಿಗೆ ಸೇರಿಸಿ.

ನೀರು ತಿಳಿಯಾಗಿ, ಉಷ್ಣತೆ ಮತ್ತು ಲವಣಾಂಶ ಬಕೆಟ್ಟಿನದಕ್ಕೆ ಹೊಂದಿ, ಅಮೋನಿಯಾ ಪರೀಕ್ಷೆ ಸೊನ್ನೆ ತೋರಿಸಿದ ಮೇಲೆ ಹವಳಗಳನ್ನು, ನಂತರ ಮೀನುಗಳನ್ನು ಬಿಡಬಹುದು. ಸಿಗಡಿ ಮತ್ತು ನಕ್ಷತ್ರ ಮೀನುಗಳು ಲವಣಾಂಶದ ಸಣ್ಣ ಏರಿಳಿತವನ್ನೂ ತಾಳವು, ಆದ್ದರಿಂದ ಅವುಗಳ ಪಾತ್ರೆಗೆ ಸಣ್ಣ ಕೊಳವೆಯಿಂದ ಹೊಸ ನೀರನ್ನು ಹನಿಹನಿಯಾಗಿ ಒಂದು ಗಂಟೆಯಾದರೂ ಬೀಳಿಸಿ. ಹೊಸ ದೀಪ ಹೆಚ್ಚು ಪ್ರಖರವಾಗಿದ್ದರೆ ಹವಳಗಳನ್ನು ಮೊದಲು ಕೆಳಗಿಟ್ಟು, ಎರಡು ಮೂರು ವಾರಗಳಲ್ಲಿ ಮೇಲೇರಿಸಿ.

ಮುಂದಿನ ಎರಡು ವಾರ ಅಮೋನಿಯಾ ಮತ್ತು ನೈಟ್ರೈಟನ್ನು ಪ್ರತಿದಿನ ಅಳೆಯಿರಿ, ಆಹಾರವನ್ನು ಅರ್ಧಕ್ಕಿಳಿಸಿ. ಉಪ್ಪುನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) ಸಾಮಾನ್ಯವಾಗಿ 8ಕ್ಕಿಂತ ಮೇಲಿರುವುದರಿಂದ ಅಲ್ಪ ಅಮೋನಿಯಾವೂ ಹೆಚ್ಚು ವಿಷಕಾರಿ. ಅದು ಕಂಡುಬಂದರೆ, ತುರ್ತಿಗೆಂದು ಎತ್ತಿಟ್ಟ ನೀರಿನಿಂದ ಅಂದೇ ಐದನೇ ಒಂದು ಭಾಗವನ್ನು ಬದಲಿಸಿ, ಮರುದಿನ ಮತ್ತೆ ಅಳೆಯಿರಿ. ಹೊಸ ತೊಟ್ಟಿ ದೊಡ್ಡದಾಗಿ, ಖಾಲಿಯಾಗಿ ಕಂಡರೂ ಕನಿಷ್ಠ ಒಂದು ತಿಂಗಳು ಹೊಸ ಮೀನು ತರಬೇಡಿ.